ತಲೆಗೆ 2,000 ರೂಪಾಯಿ, ಒಂದು ದಿನ, ಎರಡು ದ್ವೀಪ

ಇವತ್ತು ದ್ವೀಪ ಸುತ್ತೋ ಬಗ್ಗೆ ಮಾತಾಡೋಣ. ಮಾಲ್ಡೀವ್ಸ್, ಥಾಯ್ಲೆಂಡ್ ಅಂತ ರೀಲ್ಸ್ ನೋಡಿ ನಿಟ್ಟುಸಿರು ಬಿಡೋರಿಗೆ ಒಂದು ವಿಷಯ ನೆನಪಿಸ್ತೀನಿ. ನಮ್ಮ ಉಡುಪಿಯ ಮಲ್ಪೆ ಹತ್ರ ಒಂದೇ ದಿನದಲ್ಲಿ ಒಂದು ಸಮುದ್ರದ ದ್ವೀಪ, ಒಂದು ನದಿಯ ದ್ವೀಪ, ಎರಡನ್ನೂ ನೋಡ್ಕೊಂಡು ಬರಬಹುದು. ನಾವು ಆರು ಜನ ಈ ವರ್ಷ ಜನವರಿಯಲ್ಲಿ ಹೋಗಿದ್ವಿ. ಬೆಂಗಳೂರಿಂದ ಹೊರಟು ವಾಪಸ್ ಬರೋವರೆಗೆ ತಲೆಗೆ 2,000 ರೂಪಾಯಿ ದಾಟಲಿಲ್ಲ.

ಮೊದಲು ಆ 2,000 ಎಲ್ಲಿಂದ ಬಂತು ಅಂತ ಹೇಳ್ತೀನಿ. ಎಲ್ಲ ವಾಟ್ಸಾಪ್ ಗ್ರೂಪಲ್ಲೂ ಒಬ್ರು ಇರ್ತಾರೆ. ಪ್ಲ್ಯಾನ್ ಆಗೋವಾಗ ಎಲ್ಲದಕ್ಕೂ ನಗು ಇಮೋಜಿ ಹಾಕ್ತಾರೆ, ಟಿಕೆಟ್ ಬುಕ್ ಮಾಡೋ ದಿನ ಮಾತ್ರ 'ಈ ಸಲ ಆಗಲ್ಲ ಮಗಾ, ಮನೇಲಿ ಫಂಕ್ಷನ್ ಇದೆ' ಅಂತಾರೆ. ಫಂಕ್ಷನ್ ಏನೂ ಇರಲ್ಲ, ದುಡ್ಡಿರಲ್ಲ. ಅದನ್ನ ಬಾಯಿಬಿಟ್ಟು ಹೇಳೋಕೆ ಆಗಲ್ಲ, ಅಷ್ಟೇ.

ನಮ್ಮ ಗುಂಪಲ್ಲಿ ಒಬ್ಳು ಟೀಚರ್ ಇದ್ದಾಳೆ. ಅವಳೊಂದು ಉಪಾಯ ಹೇಳಿದ್ಳು. ಪ್ರತಿಯೊಬ್ರೂ ತಾವು ಎಷ್ಟು ಖರ್ಚು ಮಾಡಬಹುದು ಅನ್ನೋ ಮೊತ್ತವನ್ನ ಅವಳಿಗೆ ಮಾತ್ರ ಪ್ರೈವೇಟ್ ಆಗಿ ಕಳಿಸಬೇಕು. ಯಾರು ಎಷ್ಟು ಬರೆದ್ರು ಅಂತ ಅವಳು ಯಾರಿಗೂ ಹೇಳಲ್ಲ. ಎಲ್ಲಕ್ಕಿಂತ ಕಡಿಮೆ ಮೊತ್ತ ಯಾವುದೋ ಅದನ್ನ ಮಾತ್ರ ಗ್ರೂಪಿಗೆ ಹಾಕ್ತಾಳೆ, ಟ್ರಿಪ್ ಅಷ್ಟರೊಳಗೇ ಆಗಬೇಕು. ಹಾಗೆ ಬಂದಿದ್ದು 2,000. ಒಬ್ಬ ತಕ್ಷಣ, 'ಇಷ್ಟರಲ್ಲಿ ದ್ವೀಪಾನಾ? ಸ್ಯಾಂಕಿ ಕೆರೆ ಸುತ್ತಿ ಬರೋಣ ಬಿಡು' ಅಂದ. ಆದ್ರೆ ಯಾರೂ 'ಯಾರಪ್ಪ ಅದು' ಅಂತ ಕೇಳಲಿಲ್ಲ.

ಹೋಗೋದು ಹೇಗೆ? ಬೆಂಗಳೂರಿಂದ ಕಾರವಾರಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಸಂಜೆ ಹೊರಟ್ರೆ ಬೆಳಕು ಹರಿಯೋಕೆ ಮುಂಚೆ ಉಡುಪಿಯಲ್ಲಿ ಇಳಿಸುತ್ತೆ, ಅದೇ ರೈಲಲ್ಲಿ ಆವತ್ತೇ ರಾತ್ರಿ ವಾಪಸ್ ಬರಬಹುದು. ಎರಡು ರಾತ್ರಿ ರೈಲಲ್ಲೇ ಕಳೆಯೋದ್ರಿಂದ ರೂಮ್ ಖರ್ಚೇ ಇಲ್ಲ. ಸ್ಲೀಪರ್ ಕ್ಲಾಸಲ್ಲಿ ಎರಡೂ ಕಡೆ ಸೇರಿ ಸಾವಿರದೊಳಗೆ ಮುಗೀತು. ಸೀಟು ಬೇಗ ತುಂಬುತ್ತೆ, ಮೊದಲೇ ಬುಕ್ ಮಾಡಿ. ಹುಡುಗೀರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ ಉಚಿತ, ಅದು ಇನ್ನೂ ಅಗ್ಗ. ಆದ್ರೆ ಉಡುಪಿ ಸುತ್ತಮುತ್ತ ಓಡೋ ಲೋಕಲ್ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಅಲ್ಲಿ ಟಿಕೆಟ್ ತಗೊಳ್ಲೇಬೇಕು, ಚಿಲ್ಲರೆ ಇಟ್ಕೊಳ್ಳಿ.

ಸ್ಟೇಷನ್ನಲ್ಲೇ ಮುಖ ತೊಳ್ಕೊಂಡು, ಬನ್ಸು, ಗೋಳಿಬಜೆ, ಚಹಾ ಮುಗಿಸಿ ಮಲ್ಪೆ ಬಸ್ ಹತ್ತಿದ್ವಿ. ಬೋಟ್ ಶುರುವಾಗೋಕೆ ಇನ್ನೂ ಟೈಮ್ ಇತ್ತು. ಬಂದರಿನ ಕಡೆ ಹೋದ್ರೆ ಮೀನಿನ ಹರಾಜು ನಡೀತಾ ಇತ್ತು. ಬಂಗುಡೆ, ಬೂತಾಯಿ, ಅಂಜಲ್ ರಾಶಿ ರಾಶಿ. ಮಲ್ಪೆ ರಾಜ್ಯದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಒಂದು. ನೋಡೋಕೆ ಒಂದು ರೂಪಾಯಿ ಕೊಡಬೇಕಾಗಿಲ್ಲ, ಕೆಲಸ ಮಾಡೋರಿಗೆ ಅಡ್ಡ ನಿಂತು ಸೆಲ್ಫಿ ತೆಗೀಬೇಡಿ ಅಷ್ಟೆ.

ಮೊದಲನೇ ದ್ವೀಪ ಸೇಂಟ್ ಮೇರೀಸ್. ಬೋಟ್ ದರ ಕೆಲವು ನೂರು ರೂಪಾಯಿ, ಹೋಗಿ ಬರೋದು ಎರಡೂ ಸೇರಿ. ಆಗಾಗ ಬದಲಾಗೋದ್ರಿಂದ ಕೌಂಟರಿನ ಬೋರ್ಡ್ ನೋಡಿಯೇ ದುಡ್ಡು ಕೊಡಿ. ದೊಡ್ಡ ಬೋಟಲ್ಲಿ ಜನ ತುಂಬೋವರೆಗೆ ಕಾಯಬೇಕು, ಆದ್ರೆ ಅದೇ ಅಗ್ಗ. ಲೈಫ್ ಜಾಕೆಟ್ ಕೊಟ್ಟಾಗ ಬೆಲ್ಟ್ ಸರಿಯಾಗಿ ಹಾಕಿ, ಫೋಟೋಗೋಸ್ಕರ ಬಿಚ್ಚಬೇಡಿ.

ಹೆಸರು ಒಂದೇ ಆದ್ರೂ ಅದು ಒಂದು ದ್ವೀಪ ಅಲ್ಲ, ದ್ವೀಪಗಳ ಗುಂಪು. ಪ್ರವಾಸಿಗರನ್ನ ಇಳಿಸೋದು ತೆಂಗಿನ ಮರಗಳಿರೋ ದ್ವೀಪಕ್ಕೆ. ಅಲ್ಲಿ ಕಾಣೋ ಕಂಬಕಂಬವಾದ ಬಂಡೆಗಳನ್ನ ಸುಮ್ನೆ ಬ್ಯಾಕ್‌ಗ್ರೌಂಡ್ ಮಾಡ್ಕೊಂಡು ಬಂದ್ಬಿಡಬೇಡಿ, ಹತ್ರ ಹೋಗಿ ನೋಡಿ. ಯಾರೋ ಕೆತ್ತಿ ಜೋಡಿಸಿದ ಹಾಗಿವೆ, ಕೆಲವಕ್ಕೆ ಐದು ಮುಖ, ಕೆಲವಕ್ಕೆ ಆರು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಇಲ್ಲಿ ಲಾವಾ ಹರಿದಿತ್ತು. ಅದು ತಣ್ಣಗಾಗ್ತಾ ಕುಗ್ಗಿ, ಕೆರೆಯ ಕೆಸರು ಒಣಗಿ ಬಿರುಕು ಬಿಡೋ ಹಾಗೆ ಬಿರುಕು ಬಿಟ್ಟು ಈ ಕಂಬಗಳಾದವು. ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದು, ಬೇರೆಯಾದ ಕಾಲ ಅದು. 1979ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿತು. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದು ಈ ಹೆಸರಿಟ್ಟ ಅನ್ನೋ ಪ್ರತೀತಿಯೂ ಇದೆ.

ಒಂದು ಎಚ್ಚರಿಕೆ. ಅಲೆ ಬಡಿಯೋ ಬಂಡೆ ಮೇಲೆ ಪಾಚಿ ಇರುತ್ತೆ, ಜಾರಿದ್ರೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ. ಈ ಕರಾವಳಿಯಲ್ಲಿ ನೀರುಪಾಲಾದವರ ಸುದ್ದಿ ನಾವೆಲ್ಲ ಓದಿದ್ದೀವಿ. ಲೈಫ್‌ಗಾರ್ಡ್ ಸೀಟಿ ಊದಿದ್ರೆ ವಾದ ಮಾಡದೆ ಈಚೆ ಬನ್ನಿ.

ಮಧ್ಯಾಹ್ನ ಮಲ್ಪೆಗೆ ವಾಪಸ್. ಗುಂಪಲ್ಲಿ ಇಬ್ಬರಿಗೆ ಪ್ಯಾರಾಸೇಲಿಂಗ್ ಮಾಡೋ ಆಸೆ. ಅದು ನಮ್ಮ 2,000ದಲ್ಲಿ ಬರಲ್ಲ. ಅದಕ್ಕೂ ಮೊದಲೇ ನಿಯಮ ಮಾಡ್ಕೊಂಡಿದ್ವಿ: ಹೆಚ್ಚಿನದ್ದು ಬೇಕಾದವರು ಸ್ವಂತ ದುಡ್ಡಲ್ಲಿ ಮಾಡಲಿ, ಆ ಹೊತ್ತಿಗೆ ಮಿಕ್ಕವರಿಗೂ ಮಾಡೋಕೆ ಏನಾದ್ರೂ ಇರಬೇಕು, ಬ್ಯಾಗ್ ಕಾಯೋ ಕೆಲಸ ಯಾರಿಗೂ ಬೇಡ. ಅವರಿಬ್ಬರೂ ಹಾರಿ ಬಂದ್ರು, ನಾವು ನಾಲ್ಕು ಜನ ಸೀ ವಾಕ್ ಕಡೆ ನಡೆದು ಬಂದ್ವಿ. ಆಮೇಲೆ ಆರೂ ಜನ ಒಂದೇ ಟೇಬಲ್ಲಲ್ಲಿ ಮೀನೂಟ.

ಎರಡನೇ ದ್ವೀಪಕ್ಕೆ ಬೋಟ್ ಬೇಕಾಗಿಲ್ಲ. ಕರಾವಳಿಯಲ್ಲಿ ನದಿ ನಡುವಿನ ದ್ವೀಪಕ್ಕೆ 'ಕುದ್ರು' ಅಂತಾರೆ. ಮಲ್ಪೆಯಿಂದ ಉತ್ತರಕ್ಕೆ ಕೆಮ್ಮಣ್ಣಿನಲ್ಲಿ ಸ್ವರ್ಣಾ ನದಿ ಮೇಲೆ ಒಂದು ತೂಗುಸೇತುವೆ ಇದೆ. ಅದನ್ನ ದಾಟಿದ್ರೆ ತಿಮ್ಮಣ್ಣಕುದ್ರು. ಸುತ್ತ ನೀರು, ತೆಂಗಿನ ತೋಟ, ಮನೆಗಳು. ಆ ಸೇತುವೆ ಅಲ್ಲಿನವರು ದಿನಾ ಓಡಾಡೋ ದಾರಿ. ಅದನ್ನ ಜೋಕಾಲಿ ಮಾಡ್ಕೊಂಡು ಅಲ್ಲಾಡಿಸೋದು ಬೇಡ.

ಕೊನೆಗೆ ಕೋಡಿಬೇಂಗ್ರೆ. ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನದಿ. ತುದಿಗೆ ಹೋದ್ರೆ ಎರಡೂ ಸೇರೋ ಅಳಿವೆ. ಅಲ್ಲಿ ಸೆಳೆತ ಜಾಸ್ತಿ, ನೀರಿಗೆ ಇಳೀಬೇಡಿ. ದಡದಲ್ಲಿ ಕೂತು ಸೂರ್ಯಾಸ್ತ ನೋಡಿದ್ರೆ ಸಾಕು. ಹೋಗುವಾಗಲೇ ಕಂಡಕ್ಟರ್ ಹತ್ರ ವಾಪಸ್ ಬಸ್ ಕೇಳಿಟ್ಕೊಳ್ಳಿ. ನಮಗೆ ಸಿಕ್ಕವರು, 'ಒಂದು ಬಸ್ ಉಂಟು, ಅದು ತಪ್ಪಿದ್ರೆ ಕಷ್ಟ ಮಾರಾಯ್ರೇ' ಅಂತ ಹೇಳಿದ್ದಕ್ಕೆ ನಾವು ರೈಲು ಹಿಡಿದ್ವಿ.

ಯಾವಾಗ ಹೋಗಬೇಕು? ಮಳೆಗಾಲದಲ್ಲಿ ಸಮುದ್ರ ಒರಟಾಗಿರುತ್ತೆ, ದ್ವೀಪದ ಬೋಟ್ ನಿಲ್ಲಿಸ್ತಾರೆ. ಡಿಸೆಂಬರಿಂದ ಫೆಬ್ರವರಿ ಒಳ್ಳೇದು. ಭಾನುವಾರ ಬಿಟ್ಟು ಬೇರೆ ದಿನ ಹೋದ್ರೆ ರಶ್ ಕಡಿಮೆ. ನೀರಿಗೆ ಸ್ಟೀಲ್ ಬಾಟಲಿ ಒಯ್ಯಿರಿ, ಕಸ ವಾಪಸ್ ತನ್ನಿ.

ಈಗ ಆ 2,000ದ ವಿಷಯ. ಅದನ್ನ ಬರೆದಿದ್ದು ನಾನು. ಆಗ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಅದಕ್ಕೂ ಮುಂಚೆ ಮೂರು ಟ್ರಿಪ್‌ಗೆ 'ಮನೇಲಿ ಫಂಕ್ಷನ್' ಅಂದವನೂ ನಾನೇ. ಆ ನಂಬರ್ ಟೈಪ್ ಮಾಡಿ, ಕಳಿಸೋಕೆ ಅರ್ಧ ಗಂಟೆ ಯೋಚನೆ ಮಾಡಿದ್ದೆ. ಟೀಚರಮ್ಮ ಇವತ್ತಿನವರೆಗೆ ಬಾಯಿಬಿಟ್ಟಿಲ್ಲ. ಉಳಿದ ನಾಲ್ಕು ಜನಕ್ಕೆ ಈ ಸಂಚಿಕೆ ಕೇಳಿದ ಮೇಲೇ ಗೊತ್ತಾಗೋದು. ಏನ್ರೋ, ಗೊತ್ತಾಯ್ತಾ?

ನನಗೆ ಆ ದಿನ ಬೇಕಾಗಿದ್ದು ಯಾರೋ ನನ್ನ ಟಿಕೆಟ್ ದುಡ್ಡು ಕೊಡೋದು ಅಲ್ಲ. 'ನಿಂದು ನಾವು ನೋಡ್ಕೋತೀವಿ ಬಾರೋ' ಅಂತ ಪ್ರೀತಿಯಿಂದ ಅಂದ್ರೂ, ದಿನವಿಡೀ ಎಳನೀರು ಕುಡಿಯೋವಾಗಲೂ ಲೆಕ್ಕ ತಲೇಲಿ ಓಡ್ತಾ ಇರುತ್ತೆ. ನನ್ನ ಪಾಲು ನಾನೇ ಹಾಕಿದ್ದೆ. ಅದಕ್ಕೇ ಅಳಿವೆ ಹತ್ರ ಕೂತಾಗ ಸಮುದ್ರ ನೋಡಿದ್ದು ನೆನಪಿದೆ, ಲೆಕ್ಕ ನೆನಪಿಲ್ಲ.

ಹಾಗಾಗಿ ಮುಂದಿನ ಸಲ ಪ್ಲ್ಯಾನ್ ಮಾಡೋವಾಗ ಜಾಗ ಆಮೇಲೆ ಹುಡುಕಿ, ಮೊದಲು ಮೊತ್ತ ಕೇಳಿ. ಗುಟ್ಟಾಗಿ ಕೇಳಿ. ಕಡಿಮೆ ಇರೋದನ್ನೇ ಹಿಡ್ಕೊಳ್ಳಿ. ನಿಮ್ಮ ಗುಂಪಲ್ಲಿ ಪದೇ ಪದೇ 'ಫಂಕ್ಷನ್' ಇರೋರಿಗೆ ಈ ಸಂಚಿಕೆ ಕಳಿಸಿ, ಏನೂ ವಿವರಿಸೋಕೆ ಹೋಗಬೇಡಿ. ಮುಂದಿನ ವಾರ ಸಿಗೋಣ, ನಮಸ್ಕಾರ.