ಪದ್ಯಕ್ಕೆ ಮುಖ ಬರೆದವರು: ಅಮೆರಿಕದ ಮಕ್ಕಳ ಸಚಿತ್ರ ಕವನ ಪುಸ್ತಕಗಳು



ಮಕ್ಕಳ ಪದ್ಯದ ಪುಸ್ತಕದಲ್ಲಿ ಚಿತ್ರ ಇರುವುದು ಅಂದಕ್ಕೆ ಎಂದು ನಾವು ಸುಮ್ಮನೆ ಒಪ್ಪಿಕೊಂಡುಬಿಟ್ಟಿದ್ದೇವೆ. ಅಮೆರಿಕದಲ್ಲಿ ಕಳೆದ ಎಪ್ಪತ್ತು ವರ್ಷಗಳಲ್ಲಿ ಬಂದ ಕೆಲವು ಪುಸ್ತಕಗಳನ್ನು ಪುಟ ತಿರುವಿ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಅಲ್ಲಿ ಚಿತ್ರ ಪದ್ಯದ ಅರ್ಥಕ್ಕೇ ಕೈಹಾಕುತ್ತದೆ: ಕೆಲವು ಕಡೆ ಅರ್ಥವನ್ನು ಪೂರ್ತಿ ಮಾಡುತ್ತದೆ, ಕೆಲವು ಕಡೆ ಬದಲಿಸಿಯೇ ಬಿಡುತ್ತದೆ. ಇವತ್ತಿನ ನನ್ನ ಮಾತು ಇಷ್ಟೇ. ಉಳಿದದ್ದು ಅದಕ್ಕೆ ಸಾಕ್ಷಿ.

ಮೊದಲ ಸಾಕ್ಷಿ ಶೆಲ್ ಸಿಲ್ವರ್‌ಸ್ಟೀನ್. 1930ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಇವರು ಸೇನೆಯಲ್ಲಿದ್ದಾಗ ಸೈನಿಕರ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಮಕ್ಕಳ ಪುಸ್ತಕಕ್ಕೆ ಕೈಹಾಕಿದ್ದು ಆಮೇಲೆ. 1974ರ ‘ವೇರ್ ದ ಸೈಡ್‌ವಾಕ್ ಎಂಡ್ಸ್’ ಸಂಕಲನದಲ್ಲಿ ಪದ್ಯವೂ ಅವರದೇ, ಚಿತ್ರವೂ ಅವರದೇ. ಬಣ್ಣದ ಹಂಗಿಲ್ಲ, ಬಿಳಿ ಹಾಳೆ, ಕಪ್ಪು ಗೆರೆ, ಸುತ್ತ ಧಾರಾಳವಾಗಿ ಬಿಟ್ಟ ಜಾಗ. ಅದರಲ್ಲಿ ‘ದ ಲೂಸರ್’ ಎಂಬ ಪುಟ್ಟ ಪದ್ಯವಿದೆ. ಒಬ್ಬ ಹುಡುಗನ ತಲೆ ಕಳಚಿ ಉರುಳಿ ಎಲ್ಲೋ ಹೋಗಿಬಿಟ್ಟಿದೆ. ಹುಡುಕಲು ಬೇಕಾದ ಕಣ್ಣೂ ಯೋಚಿಸಲು ಬೇಕಾದ ಮಿದುಳೂ ಆ ತಲೆಯ ಜೊತೆಗೇ ಹೋಗಿವೆ. ಬೇರೆ ದಾರಿ ಕಾಣದೆ ಅವನು ಸಿಕ್ಕ ಕಲ್ಲಿನ ಮೇಲೆ ಕೂರುತ್ತಾನೆ. ಪದ್ಯ ಅಲ್ಲಿಗೆ ಮುಗಿಯಿತು. ಚಿತ್ರ ನೋಡಿದರೆ ಅವನು ಕೂತ ‘ಕಲ್ಲಿಗೆ’ ಕಣ್ಣು, ಮೂಗು, ಬಾಯಿ! ಕೂತಿರುವುದು ತನ್ನ ತಲೆಯ ಮೇಲೆಯೇ. ಪದ್ಯದೊಳಗಿನ ಹುಡುಗನಿಗೆ ಇದು ಗೊತ್ತಾಗುವ ಹಾಗಿಲ್ಲ; ಓದುವ ಮಗುವಿಗೆ ಥಟ್ಟನೆ ಗೊತ್ತಾಗುತ್ತದೆ. ಮಗು ನಗುವುದು ಈ ಅಂತರಕ್ಕೆ. ಚಿತ್ರ ತೆಗೆದು ಪದ್ಯವನ್ನಷ್ಟೇ ಅಚ್ಚು ಹಾಕಿದರೆ ತಲೆ ಕಳೆದುಕೊಂಡವನ ಗೋಳು ಉಳಿಯುತ್ತದೆ, ನಗು ಉಳಿಯುವುದಿಲ್ಲ.

ಸಿಲ್ವರ್‌ಸ್ಟೀನ್ ಅವರಲ್ಲಿ ಕವಿ, ಚಿತ್ರಕಾರ ಇಬ್ಬರೂ ಒಬ್ಬರೇ. ಇಬ್ಬರು ಬೇರೆಯಾದಾಗ ಚಿತ್ರ ಪದ್ಯಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆ ಇನ್ನೂ ಗಹನವಾಗುತ್ತದೆ. ಅದೇ ಷಿಕಾಗೋದ ಗ್ವೆಂಡೊಲಿನ್ ಬ್ರೂಕ್ಸ್ 1950ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಆಫ್ರಿಕನ್ ಅಮೆರಿಕನ್. 1956ರಲ್ಲಿ ಮಕ್ಕಳಿಗಾಗಿ ‘ಬ್ರಾಂಜ್‌ವಿಲ್ ಬಾಯ್ಸ್ ಅಂಡ್ ಗರ್ಲ್ಸ್’ ತಂದರು. ಬ್ರಾಂಜ್‌ವಿಲ್ ಎಂದರೆ ಷಿಕಾಗೋದ ದಕ್ಷಿಣ ಭಾಗದಲ್ಲಿ ಕಪ್ಪು ಜನ ನೆಲೆಸಿದ ಪ್ರದೇಶ. ಹೆಚ್ಚಿನ ಪದ್ಯಗಳ ಶೀರ್ಷಿಕೆಯಲ್ಲೇ ಒಂದೊಂದು ಮಗುವಿನ ಹೆಸರಿದೆ. ಬಯಸಿದ ಉಡುಗೊರೆ ಕ್ರಿಸ್‌ಮಸ್‌ಗೆ ಬರಲಿಲ್ಲವೆಂಬ ಬೇಸರ ಅಪ್ಪನಿಗೆ ಗೊತ್ತಾಗದಿರಲೆಂದು ಒಳಗೇ ನುಂಗಿಕೊಳ್ಳುವವನು ಓಟ್ಟೋ. ಮನೆಯಿಂದ ಮನೆಗೆ ಗಂಟುಮೂಟೆ ಹೊತ್ತು ಸಾಕಾಗಿ, ನಿಂತಲ್ಲೇ ನಿಂತ ಮರ ಎಷ್ಟು ಪುಣ್ಯವಂತ ಅನ್ನಿಸುವುದು ಲೈಲ್‌ಗೆ. ಈ ಎರಡು ಪದ್ಯಗಳಲ್ಲಿ ಮೈಬಣ್ಣದ ಮಾತೇ ಇಲ್ಲ. ಅಪ್ಪನ ಕೈಯಲ್ಲಿ ಹಣವಿಲ್ಲವೆಂದು ಬಲ್ಲ ಯಾವ ಮಗುವಾದರೂ ಓಟ್ಟೋ ಆಗಬಹುದು. ಹಾಗಾದರೆ ಪುಟದ ಮೇಲೆ ಅವನಿಗೆ ಯಾವ ಮುಖ ಬರೆಯಬೇಕು?

1956ರ ಪುಸ್ತಕಕ್ಕೆ ರಾನಿ ಸಾಲ್ಬರ್ಟ್ ಮಸಿಯ ರೇಖಾಚಿತ್ರ ಬರೆದರು. 2007ರ ಹೊಸ ಮುದ್ರಣಕ್ಕೆ ಫೇತ್ ರಿಂಗೋಲ್ಡ್ ಚಿತ್ರ ಬರೆದರು. ಹಾರ್ಲೆಮ್‌ನಲ್ಲಿ ಹುಟ್ಟಿ ಬೆಳೆದ ರಿಂಗೋಲ್ಡ್ ಕೌದಿಯ ಮೇಲೆ ಚಿತ್ರ, ಬರಹ ಎರಡನ್ನೂ ಕೂಡಿಸಿ ಕಥೆ ಹೇಳಿದ ಕಲಾವಿದೆ. ಅವರ ಪುಟಗಳಲ್ಲಿ ಗಾಢ ಬಣ್ಣದ ಬೀದಿಗಳಿವೆ, ಆ ಬೀದಿಗಳಲ್ಲಿ ಕಂದು ಮೈಬಣ್ಣದ ಮಕ್ಕಳು ಎದ್ದು ಕಾಣುತ್ತಾರೆ. ಬ್ರೂಕ್ಸ್ ಅವರ ಪದ್ಯಗಳು ಅವೇ. ಆದರೆ ಓಟ್ಟೋ ಯಾರ ಮನೆಯ ಹುಡುಗ ಎಂದು ಇನ್ನು ಯಾರೂ ಕೇಳಬೇಕಾಗಿಲ್ಲ.

ಇದರಲ್ಲಿ ಅಷ್ಟೇನಿದೆ ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಮಕ್ಕಳಿಗಾಗಿ ಕವನಗಳನ್ನು ಸಂಕಲಿಸಿದ ನ್ಯಾನ್ಸಿ ಲ್ಯಾರಿಕ್ 1965ರಲ್ಲಿ ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರ ಪ್ರಕಾರ 1962ರಿಂದ 1964ರವರೆಗೆ ಹೊರಬಂದ 5,206 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ವ್ಯಕ್ತಿ ಒಬ್ಬರಾದರೂ ಇದ್ದದ್ದು 349ರಲ್ಲಿ, ಅಂದರೆ ಶೇಕಡಾ 6.7ರಷ್ಟು. ಲಕ್ಷಾಂತರ ಮಕ್ಕಳು ತಮ್ಮನ್ನು ಹೋಲುವ ಮುಖವನ್ನು ಪುಸ್ತಕದಲ್ಲಿ ಕಾಣದೆಯೇ ಓದು ಕಲಿತರು. ಮೈಬಣ್ಣ ಹೇಳದ ಪದ್ಯ ಅಂಥ ಕಾಲದಲ್ಲಿ ಎಲ್ಲರಿಗೂ ಸೇರಿದ್ದೆಂದು ಕಂಡರೂ, ಓದುವವರ ಮನಸ್ಸಿನಲ್ಲಿ ಬಿಳಿಯ ಮಗುವೇ ಬಂದು ಕೂರುತ್ತದೆ. ಆ ರೂಢಿಯನ್ನು ಮುರಿಯುವ ಕೆಲಸ ಚಿತ್ರಕಾರರ ಪಾಲಿಗೆ ಬಂತು.

ಮಾತು, ಚಿತ್ರ ಎರಡರ ನಂಟು ಪ್ರಶಸ್ತಿಗಳಲ್ಲೂ ಕಾಣುತ್ತದೆ. ಅಮೆರಿಕದ ಗ್ರಂಥಾಲಯ ಸಂಘ ಮಕ್ಕಳ ಪುಸ್ತಕಗಳಿಗೆ ಕೊಡುವ ಎರಡು ಪ್ರಶಸ್ತಿಗಳಿವೆ. 1922ರಲ್ಲಿ ಶುರುವಾದ ನ್ಯೂಬೆರಿ ಬರವಣಿಗೆಗೆ, 1938ರಲ್ಲಿ ಶುರುವಾದ ಕಾಲ್ಡಿಕಾಟ್ ಚಿತ್ರಕ್ಕೆ. ಕವನ ಪುಸ್ತಕವೊಂದು ನ್ಯೂಬೆರಿ ಪದಕ ಪಡೆಯಲು ಅರವತ್ತು ವರ್ಷ ಬೇಕಾಯಿತು. 1982ರಲ್ಲಿ ಅದನ್ನು ಪಡೆದದ್ದು ನ್ಯಾನ್ಸಿ ವಿಲರ್ಡ್ ಅವರ ‘ಎ ವಿಸಿಟ್ ಟು ವಿಲಿಯಂ ಬ್ಲೇಕ್ಸ್ ಇನ್’. ಅದೇ ವರ್ಷ ಅದೇ ಪುಸ್ತಕದ ಚಿತ್ರಗಳಿಗಾಗಿ ಆಲಿಸ್ ಮತ್ತು ಮಾರ್ಟಿನ್ ಪ್ರೊವೆನ್ಸನ್ ದಂಪತಿಗೆ ಕಾಲ್ಡಿಕಾಟ್ ಗೌರವವೂ ಬಂತು. ಮಾತನ್ನೂ ಚಿತ್ರವನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದವರು ಎರಡೂ ಕಡೆ ಒಂದೇ ಪುಸ್ತಕವನ್ನು ಎತ್ತಿಕೊಳ್ಳಬೇಕಾಯಿತು.

ಕಡೆಯ ಸಾಕ್ಷಿ 2019ರ ‘ದಿ ಅನ್‌ಡಿಫೀಟೆಡ್’. ಪದ್ಯ ಕ್ವಾಮೆ ಅಲೆಕ್ಸಾಂಡರ್ ಅವರದು, ಚಿತ್ರ ಕಾದಿರ್ ನೆಲ್ಸನ್ ಅವರದು. 2020ರ ಕಾಲ್ಡಿಕಾಟ್ ಪದಕ ಇದಕ್ಕೇ ಸಂದಿತು. ಓಟಗಾರರು, ಸಂಗೀತಗಾರರು, ಅಂತರ್ಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರು, ಒಬ್ಬೊಬ್ಬರೂ ಬಿಳಿ ಹಿನ್ನೆಲೆಯಲ್ಲಿ ಜೀವ ತಳೆದು ನಿಲ್ಲುತ್ತಾರೆ. ಬದುಕುಳಿದವರನ್ನು ನೆನೆದ ಪದ್ಯ ಬದುಕುಳಿಯದವರ ಕಡೆ ತಿರುಗುವಲ್ಲಿ ಮಾತ್ರ ನೆಲ್ಸನ್ ಏನನ್ನೂ ಬರೆಯಲಿಲ್ಲ. ಎದುರುಬದುರಿನ ಎರಡು ಪುಟ ಖಾಲಿ, ಇರುವುದು ಪದ್ಯದ ಅಕ್ಷರವಷ್ಟೇ. ಅಷ್ಟೊಂದು ಮುಖಗಳನ್ನು ನೋಡಿ ಬಂದ ಮಗು ಆ ಪುಟಕ್ಕೆ ಬಂದು, ಇಲ್ಲಿ ಯಾರೂ ಯಾಕಿಲ್ಲ ಎಂದು ಕೇಳಿಯೇ ಕೇಳುತ್ತದೆ. ಉತ್ತರ ಹೇಳುವ ಹೊಣೆ ಪಕ್ಕದಲ್ಲಿ ಕೂತು ಓದಿಸುವವರದು.

ಇಷ್ಟು ಸಾಕ್ಷಿಯ ಮೇಲೆ ಎರಡು ಮಾತು ಹೇಳಿ ಮುಗಿಸುತ್ತೇನೆ. ಇಂಥ ಪುಸ್ತಕದಿಂದ ಪದ್ಯವನ್ನಷ್ಟೇ ಎತ್ತಿ ಸಂಕಲನಕ್ಕೆ ಸೇರಿಸುವ ಸಂಪಾದಕರು, ಚಿತ್ರ ಬಿಟ್ಟರೂ ಪದ್ಯ ನಿಲ್ಲುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು. ನಿಲ್ಲದಿದ್ದರೆ ಚಿತ್ರವನ್ನೂ ತರಬೇಕು, ಆಗದಿದ್ದರೆ ಪದ್ಯವನ್ನು ಬಿಡಬೇಕು. ಇನ್ನು ವಿಮರ್ಶಕರು. ಮಕ್ಕಳ ಕವನ ಪುಸ್ತಕದ ಬಗ್ಗೆ ನಾಲ್ಕು ಪುಟ ಬರೆದು, ಚಿತ್ರಕಾರರ ಹೆಸರನ್ನು ಕೊನೆಯ ಸಾಲಿಗೆ ತಳ್ಳುವವರು ಅರ್ಧ ಪುಸ್ತಕ ಓದಿದ್ದಾರೆ ಎಂದೇ ನಾನು ತಿಳಿಯುತ್ತೇನೆ. ಅಕ್ಷರ ಬಾರದ ಮಗು ಕೂಡ ಇನ್ನರ್ಧವನ್ನು ಅವರಿಗಿಂತ ಮೊದಲೇ ಓದಿ ಮುಗಿಸಿರುತ್ತದೆ.