ಸದ್ದಿಗೊಂದು ಹೊಸ್ತಿಲು

ಮಾಗಡಿ ತಾಲ್ಲೂಕಿನ ಸಾವನದುರ್ಗವನ್ನು ಹಗಲಲ್ಲಿ ಏದುಸಿರು ಬಿಡುತ್ತಾ ಹತ್ತಿದವರು ನಿಮ್ಮಲ್ಲಿ ಅನೇಕರು ಇರುತ್ತೀರಿ. ಆದರೆ 1226 ಮೀಟರ್ ಎತ್ತರದ ಆ ಬೆಟ್ಟದ ರಾತ್ರಿಯ ಸದ್ದು ಅರ್ಧಕ್ಕರ್ಧ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಹುಳು ಹಿಡಿದು ತಿನ್ನುವ ಬಾವಲಿಗಳು ಕೂಗಿಕೊಂಡೇ ಹಾರುತ್ತವೆ. ನಮ್ಮ ಕಿವಿಯ ಎಲ್ಲೆ 20 ಕಿಲೋಹರ್ಟ್ಸ್. ಅವುಗಳ ಕೂಗು ಅದರಿಂದಾಚೆ, ಕೆಲವು ಜಾತಿಗಳಲ್ಲಿ ನೂರನ್ನೂ ದಾಟುತ್ತದೆ.

ಈ ಕೂಗನ್ನು ಹಿಡಿಯಲು ಆಡಿಯೋಮಾತ್ ಎಂಬ ಪುಟ್ಟ ಯಂತ್ರವಿದೆ. ಎಟಿಎಂ ಕಾರ್ಡಿನಷ್ಟು ಅಗಲ, ಮೂರು ಎಎ ಸೆಲ್ಲು, ಒಂದು ಮೆಮೊರಿ ಕಾರ್ಡು. ಸೆಕೆಂಡಿಗೆ 3,84,000 ಸಲ ಸದ್ದನ್ನು ಅಳೆಯಬಲ್ಲದು. ತೊಡಕಿರುವುದೂ ಅಲ್ಲೇ. ಆ ವೇಗದಲ್ಲಿ ಬಿಡದೆ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 2.8 ಜಿಬಿ ಬೇಕು. 32 ಜಿಬಿ ಕಾರ್ಡು ಒಂದೇ ರಾತ್ರಿಯಲ್ಲಿ ಭರ್ತಿ, ಅದರಲ್ಲಿ ಹೆಚ್ಚಿನದು ಬರೀ ಖಾಲಿ!

ಅದಕ್ಕೇ ಯಂತ್ರಕ್ಕೊಂದು ಹೊಸ್ತಿಲು ಕಟ್ಟುತ್ತಾರೆ. ಇಂಗ್ಲಿಷಿನವರ ಥ್ರೆಶೋಲ್ಡ್ ಅಂದರೂ ಅದೇ. ಯಂತ್ರ ಕೇಳುತ್ತಲೇ ಇರುತ್ತದೆ. ಸದ್ದು ಹೊಸ್ತಿಲು ದಾಟಿದಾಗ ಮಾತ್ರ ಕಾರ್ಡಿಗೆ ಬರೆಯುತ್ತದೆ.

ಕೇಳಲು ಸುಲಭ. ಆದರೆ ಬೋಳುಬಂಡೆಯ ಮೇಲೆ ಮೊದಲು ಹೊಸ್ತಿಲು ದಾಟುವುದು ಬಾವಲಿಯಲ್ಲ, ಗಾಳಿ. ಮೊದಲ ಸಲ ನಾನು ಸದ್ದಿನ ಜೋರನ್ನಷ್ಟೇ ನೋಡಿ ಹೊಸ್ತಿಲು ಇಟ್ಟಿದ್ದೆ. ಬೆಳಿಗ್ಗೆ ಸಿಕ್ಕಿದ್ದು ಗಾಳಿಯ ಗುಯ್‌ಗುಟ್ಟುವಿಕೆ, ಜೊತೆಗೆ ಯಾರದೋ ಬೈಕು. ಗಾಳಿಯದು ತಗ್ಗುದನಿ. ಆದ್ದರಿಂದ ಮೊದಲು ಫಿಲ್ಟರ್ ಹಾಕಿ ತಗ್ಗುದನಿಗಳನ್ನು ಸೋಸಿ, ಆಮೇಲೆ ಹೊಸ್ತಿಲು ಇಡಬೇಕು. ಇನ್ನೊಂದು ದಾರಿ, ಒಂದು ನಿರ್ದಿಷ್ಟ ಕಂಪನಾಂಕಕ್ಕೆ ಮಾತ್ರ ಎಚ್ಚರಗೊಳ್ಳುವಂತೆ ಹೇಳುವುದು. ಗೊರ್ಟ್ಸೆಲ್ ಎಂಬವರು 1958ರಲ್ಲಿ ಪ್ರಕಟಿಸಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಸದ್ದನ್ನೆಲ್ಲ ಜಾಲಾಡದೆ ಬೇಕಾದ ಒಂದೇ ಕಂಪನಾಂಕ ಎಷ್ಟು ಬಲವಾಗಿದೆ ಎಂದು ನೋಡುವುದರಿಂದ ಸಣ್ಣ ಚಿಪ್ಪಿಗೂ ಅದು ಭಾರವಾಗದು. ಮಿಡತೆಗಳಲ್ಲಿ ಕೆಲವು ಅಷ್ಟು ಎತ್ತರಕ್ಕೂ ಕೂಗುತ್ತವೆ ಅನ್ನಿ, ಅವುಗಳ ಕಾಟ ತಪ್ಪಿದ್ದಲ್ಲ.

ಹೊಸ್ತಿಲು ಎಷ್ಟು ಎತ್ತರ? ಬೇರೆ ಕಾಡಿನ ಅಂಕಿ ಇಲ್ಲಿ ನಡೆಯುವುದಿಲ್ಲ. ಒಂದು ರಾತ್ರಿ ಹೊಸ್ತಿಲೇ ಇಲ್ಲದೆ ರೆಕಾರ್ಡ್ ಮಾಡಿ. ಕಂಪ್ಯೂಟರಿನಲ್ಲಿ ಸದ್ದಿನ ಚಿತ್ರ ತೆರೆದು, ಖಾಲಿ ಹೊತ್ತಿನ ಮಟ್ಟವನ್ನೂ ತೀರಾ ಕ್ಷೀಣವಾದ ಬಾವಲಿ ಕೂಗನ್ನೂ ಗುರುತಿಸಿ. ಇವೆರಡರ ನಡುವೆ, ಸ್ವಲ್ಪ ತಗ್ಗಿಗೇ ಇಡಿ. ಹೆಚ್ಚಿಗೆ ಬಂದ ಕಸವನ್ನು ಆಮೇಲೆ ಗುಡಿಸಬಹುದು, ಬರೆದುಕೊಳ್ಳದ ಕೂಗನ್ನು ತರುವುದೆಲ್ಲಿಂದ?

ಸಾವನದುರ್ಗಕ್ಕೆ ಹೆಸರು ತಂದ ಹಳದಿ ಕೊರಳಿನ ಪಿಕಳಾರದಂಥ ಹಕ್ಕಿಗೆ ನಾನಂತೂ ಈ ಉಪಾಯ ಬಳಸೆನು. ದೂರದ ಹಕ್ಕಿಯ ದನಿ ಹೊಸ್ತಿಲಿನಾಚೆಯೇ ಉಳಿದೀತು. ನಸುಕಿನಲ್ಲಿ ಹತ್ತು ನಿಮಿಷಕ್ಕೊಂದು ನಿಮಿಷ ರೆಕಾರ್ಡ್ ಮಾಡಿದರೆ ಅದೇ ಮೇಲು.

ಅರಣ್ಯ ಇಲಾಖೆಯ ಅನುಮತಿ ಪಡೆದೇ ಯಂತ್ರ ಕಟ್ಟಿ. ಗಡಿಯಾರವನ್ನೂ ನೋಡಿಕೊಳ್ಳಿ. ನೀವು ಬದಲಿಸದಿದ್ದರೆ ಅದು ಗ್ರೀನಿಚ್ ಸಮಯದಲ್ಲೇ ನಡೆಯುತ್ತದೆ. ಸಂಜೆ ಆರೂವರೆಗೆಂದು 18:30 ಎಂದು ಬರೆದರೆ, ಯಂತ್ರ ಶುರುವಾಗುವುದು ನಮ್ಮ ನಡುರಾತ್ರಿ ಹನ್ನೆರಡಕ್ಕೆ.