ಹೊಸ ಎಂಜಿನ್ನಿನ ಮೊದಲ ಎಣ್ಣೆ

ಹೊಸ ಕಾರು ಮನೆಗೆ ಬಂದು, ಗಾಲಿಯಡಿ ನಿಂಬೆಹಣ್ಣಿಟ್ಟು ಪೂಜೆ ಮುಗಿಯುವಷ್ಟರಲ್ಲಿ ಸಲಹೆಗಳು ಶುರುವಾಗುತ್ತವೆ. ಬಹಳ ವರ್ಷ ಅಂಬಾಸಿಡರ್ ಓಡಿಸಿದ ಸೋದರಮಾವ, "ಸಾವಿರ ಕಿಲೋಮೀಟರಿಗೆ ಕಂಪನಿ ಆಯಿಲ್ ಇಳಿಸಿಬಿಡಪ್ಪ, ಒಳಗೆ ಕಬ್ಬಿಣದ ಪುಡಿ ಇರುತ್ತೆ" ಎನ್ನುತ್ತಾರೆ. ಷೋರೂಮಿನ ಸರ್ವಿಸ್ ಅಡ್ವೈಸರ್, "ಅದೆಲ್ಲ ಬೇಡ ಸಾರ್, ಹತ್ತು ಸಾವಿರಕ್ಕೋ ಒಂದು ವರ್ಷಕ್ಕೋ ಮಾಡಿಸಿದ್ರೆ ಸಾಕು" ಎನ್ನುತ್ತಾರೆ. ಯಾರ ಮಾತು ಕೇಳಬೇಕು? ಇಬ್ಬರ ಮಾತಿಗೂ ಹಿಂದೆ ಒಂದು ಚರಿತ್ರೆಯಿದೆ. ಅದು ಗೊತ್ತಾದರೆ ಕಾರಿನ ಒಡೆಯರು ತಾವೇ ತೀರ್ಮಾನಿಸಬಹುದು ಎಂಬ ನಂಬಿಕೆಯಿಂದ ಈ ಮಾತು.

ಮೊಟ್ಟಮೊದಲ ಕಾರುಗಳ ಕಾಲದಲ್ಲಿ ಎಣ್ಣೆ ಬದಲಾಯಿಸುವ ಪ್ರಶ್ನೆಯೇ ಇರಲಿಲ್ಲ. ಆಗ ಎಣ್ಣೆ ಒಂದು ಡಬ್ಬಿಯಿಂದ ತೊಟ್ಟುತೊಟ್ಟಾಗಿ ಎಂಜಿನ್ನಿಗೆ ಇಳಿಯುತ್ತಿತ್ತು. ಇಳಿದದ್ದರಲ್ಲಿ ಒಂದಿಷ್ಟು ಉರಿದು ಹೊಗೆಯಾಗುತ್ತಿತ್ತು, ಉಳಿದದ್ದು ರಸ್ತೆಗೆ ಸೋರುತ್ತಿತ್ತು. ಎಂಜಿನ್ನಿನಲ್ಲಿ ಹಳೆಯ ಎಣ್ಣೆ ನಿಲ್ಲುತ್ತಲೇ ಇರಲಿಲ್ಲ, ಹಾಗಾಗಿ ಅದನ್ನು ಇಳಿಸುವ ಕೆಲಸವೂ ಇರಲಿಲ್ಲ. ನಮ್ಮ ಹೊಲಗಳಲ್ಲಿ ಬೆಳೆಯುವ ಹರಳಿನ ಎಣ್ಣೆಗೂ ಆಗ ಎಂಜಿನ್ನುಗಳಲ್ಲಿ ಬೆಲೆಯಿತ್ತು. 1899ರಲ್ಲಿ ಲಂಡನ್ನಿನಲ್ಲಿ ಎಣ್ಣೆ ವ್ಯಾಪಾರ ಶುರುಮಾಡಿದ ಚಾರ್ಲ್ಸ್ ವೇಕ್‌ಫೀಲ್ಡ್ ಅವರ ಕಂಪನಿ 1909ರಲ್ಲಿ ತಂದ ಕ್ಯಾಸ್ಟ್ರಾಲ್‌ನಲ್ಲಿ ಹರಳೆಣ್ಣೆ ಬೆರೆತಿತ್ತು. ಕಾದ ಲೋಹವನ್ನು ಹರಳೆಣ್ಣೆ ಬಿಡದೆ ಹಿಡಿದುಕೊಳ್ಳುತ್ತದೆ, ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮೊದಲ ಮಹಾಯುದ್ಧದ ರೋಟರಿ ಎಂಜಿನ್ನಿನ ವಿಮಾನಗಳು ಅದನ್ನೇ ನಂಬಿ ಹಾರಿದವು. ಆದರೆ ಅದು ಬೇಗ ಅಂಟುಗಟ್ಟುತ್ತದೆ. ಆದ್ದರಿಂದ ದಿನಬಳಕೆಯ ಕಾರುಗಳಲ್ಲಿ ಕಚ್ಚಾತೈಲದಿಂದ ತೆಗೆದ ಎಣ್ಣೆಯೇ ಗೆದ್ದಿತು.

ಎಣ್ಣೆ ಲೋಹವನ್ನು ಹೇಗೆ ಕಾಪಾಡುತ್ತದೆ ಎಂಬುದು ತಿಳಿದದ್ದು ಅದಕ್ಕೂ ಮುಂಚೆ, ರೈಲಿನ ಕೆಲಸದಲ್ಲಿ. ಈ ಕತೆ ನನಗೆ ಬಹಳ ಇಷ್ಟ. 1880ರ ದಶಕದ ಆರಂಭದಲ್ಲಿ ಬೀಚಮ್ ಟವರ್ ಎಂಬ ಇಂಗ್ಲಿಷ್ ಎಂಜಿನಿಯರು ರೈಲುಗಾಡಿಯ ಅಚ್ಚು ಮತ್ತು ಬೇರಿಂಗ್ ಇಟ್ಟುಕೊಂಡು ಘರ್ಷಣೆಯನ್ನು ಅಳೆಯುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದರು. ಅಚ್ಚು ತಿರುಗಿದರೆ ಎಣ್ಣೆ ಒಳಗೆ ಹೋಗುವ ಬದಲು ಆ ತೂತಿನಿಂದಲೇ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದರು, ಹಾರಿಹೋಯಿತು. ಮರದ ಬೆಣೆ ಬಡಿದರು, ಅದನ್ನೂ ಎಣ್ಣೆ ಹೊರಗೆ ತಳ್ಳಿತು. ಕೊನೆಗೆ ಒತ್ತಡ ಅಳೆಯುವ ಮಾಪಕ ಕೂರಿಸಿದರೆ ಮುಳ್ಳು ಚದರ ಅಂಗುಲಕ್ಕೆ 200 ಪೌಂಡು ದಾಟಿತು. ತಿರುಗುವ ಅಚ್ಚು ಎಣ್ಣೆಯನ್ನು ತನ್ನಡಿಗೆ ಎಳೆದುಕೊಂಡು, ಅದರ ತೆಳುಪದರದ ಮೇಲೆ ತೇಲುತ್ತಿತ್ತು! 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ಕೊಟ್ಟರು. ಇಂದಿನ ನಿಮ್ಮ ಕಾರಿನ ಎಂಜಿನ್ನಿನ ಮುಖ್ಯ ಅಚ್ಚಾದ ಕ್ರ್ಯಾಂಕ್ ಕೂಡ ಅಂಥದೇ ಪದರದ ಮೇಲೆ ತಿರುಗುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಆ ಪದರದ ದಪ್ಪ ಅದರಲ್ಲಿ ಕೆಲವೇ ಭಾಗಗಳಷ್ಟು. ಅದಕ್ಕಿಂತ ದಪ್ಪನೆಯ ಲೋಹದ ಕಣವೊಂದು ಅದರೊಳಗೆ ಸಿಕ್ಕಿಕೊಂಡರೆ ಎರಡೂ ಮೈಗೆ ಗೀರು ಬೀಳುತ್ತದೆ. ಮೊದಲ ಎಣ್ಣೆಯ ಬಗ್ಗೆ ಹಿರಿಯರಿಗಿದ್ದ ಭಯದ ಬೇರು ಇಲ್ಲಿದೆ.

ಈಗ 1908ಕ್ಕೆ ಬರೋಣ. ಆ ವರ್ಷ ಹೊರಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಣ್ಣೆಯ ಪಂಪು ಇರಲಿಲ್ಲ, ಫಿಲ್ಟರ್ ಇರಲಿಲ್ಲ, ಡಿಪ್‌ಸ್ಟಿಕ್ ಕೂಡ ಇರಲಿಲ್ಲ. ತಿರುಗುವ ಫ್ಲೈವೀಲು ತಳದ ಎಣ್ಣೆಯನ್ನು ಎರಚುತ್ತಿತ್ತು, ಅದು ಕೊಳವೆಯಲ್ಲಿ ಮುಂದಕ್ಕೆ ಹರಿದು ಎಲ್ಲ ಕಡೆಗೂ ಸಿಡಿಯುತ್ತಿತ್ತು. ಮಟ್ಟ ನೋಡಬೇಕೆಂದರೆ ಕಾರಿನಡಿ ತೂರಿ ಎರಡು ಸಣ್ಣ ನಲ್ಲಿಗಳನ್ನು ತಿರುವಬೇಕಿತ್ತು. ಅಂದರೆ ಎಣ್ಣೆ ಈಗ ಒಳಗೇ ಉಳಿಯುತ್ತಿತ್ತು, ಅದೇ ಎಣ್ಣೆ ಮತ್ತೆಮತ್ತೆ ಸುತ್ತುತ್ತಿತ್ತು, ಸವೆದ ಲೋಹವೂ ಅದರ ಜೊತೆಗೇ ಸುತ್ತುತ್ತಿತ್ತು. ಹೀಗಾಗಿ ಫೋರ್ಡ್ ಕೈಪಿಡಿ ಹೊಸ ಕಾರಿನ ಎಣ್ಣೆಯನ್ನು ಮೊದಲ ಕೆಲವು ನೂರು ಮೈಲಿಗಳಲ್ಲೇ ಇಳಿಸಿ, ಸೀಮೆಎಣ್ಣೆ ಹಾಕಿ ತೊಳೆದು, ಹೊಸದು ತುಂಬಿ ಎಂದಿತು. ಆಮೇಲೆ ಸುಮಾರು 750 ಮೈಲಿಗೊಮ್ಮೆ. ಆ ಸೂಚನೆಯಲ್ಲಿ ಅತಿ ಎಚ್ಚರವೇನೂ ಇರಲಿಲ್ಲ, ಆ ಎಂಜಿನ್ನಿಗೆ ಅಷ್ಟು ಬೇಕೇ ಬೇಕಿತ್ತು.

ಹೊಸ ಎಂಜಿನ್ನಿನಲ್ಲಿ ಪುಡಿ ಎಲ್ಲಿಂದ ಬರುತ್ತದೆ? ಬೀಸುಕಲ್ಲಿಗೆ ಹೊಸದಾಗಿ ಉಳಿ ಹಾಕಿಸಿದಾಗ ಮನೆಯ ಹೆಂಗಸರು ಏನು ಮಾಡುತ್ತಿದ್ದರು ನೆನಪಿಸಿಕೊಳ್ಳಿ. ಮೊದಲು ಬೀಸಿದ್ದನ್ನು ಯಾರೂ ರೊಟ್ಟಿಗೆ ಬಳಸುತ್ತಿರಲಿಲ್ಲ, ಅದರಲ್ಲಿ ಕಲ್ಲಿನ ಪುಡಿ ಇರುತ್ತಿತ್ತು. ಒಂದಿಷ್ಟು ಬೀಸಿ ಚೆಲ್ಲಿದ ಮೇಲೆ ಕಲ್ಲು ಹದಕ್ಕೆ ಬರುತ್ತಿತ್ತು. ಎಂಜಿನ್ನಿನ ಸಿಲಿಂಡರಿನ ಒಳಮೈಯನ್ನೂ ಕಾರ್ಖಾನೆಯಲ್ಲಿ ಹೀಗೆ ಬೇಕೆಂದೇ ಒರಟು ಮಾಡುತ್ತಾರೆ. ಹೋನಿಂಗ್ ಕಲ್ಲು ತಿರುಗುತ್ತ ಮೇಲೆ ಕೆಳಗೆ ಆಡಿ, ಒಂದನ್ನೊಂದು ದಾಟುವ ಸಣ್ಣ ಗೆರೆಗಳನ್ನು ಕೊರೆಯುತ್ತದೆ. ಆ ಗೆರೆಗಳ ತಗ್ಗಿನಲ್ಲಿ ಎಣ್ಣೆ ನಿಲ್ಲಬೇಕು, ಉಬ್ಬುಗಳು ಪಿಸ್ಟನ್ ರಿಂಗಿಗೆ ಉಜ್ಜಿ ಸವೆಯಬೇಕು. ರಿಂಗು ಮತ್ತು ಗೋಡೆ ಹೀಗೆ ಪರಸ್ಪರ ಹೊಂದಿಕೊಂಡಾಗ ಮಾತ್ರ ಉರಿದ ಅನಿಲ ಕೆಳಗೆ ನುಸುಳುವುದಿಲ್ಲ, ಕೆಳಗಿನ ಎಣ್ಣೆ ಮೇಲೆ ಹೋಗಿ ಸುಡುವುದಿಲ್ಲ. ಮೊದಲ ಕೆಲವು ನೂರು ಕಿಲೋಮೀಟರುಗಳ ಸವೆತ ಎಂಜಿನ್ನಿಗೆ ಬೇಕಾದ ಸವೆತ. ಆ ಸವೆದ ಪುಡಿ ಮಾತ್ರ ಬೇಡದ್ದು.

ಇದಕ್ಕೆ ಮದ್ದು ಬಂದದ್ದು 1920ರ ದಶಕದಲ್ಲಿ. ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ 1923ರಲ್ಲಿ ಪ್ಯೂರೊಲೇಟರ್ ಎಂಬ ಎಣ್ಣೆ ಶೋಧಕಕ್ಕೆ ಪೇಟೆಂಟ್ ಪಡೆದರು. ಮರುವರ್ಷ ಕ್ರೈಸ್ಲರ್ ಕಾರಿನಲ್ಲಿ ಫಿಲ್ಟರ್ ಬಂತು. ಆದರೆ ಆ ಕಾಲದ ಫಿಲ್ಟರಿನಲ್ಲಿ ಹಾಯುತ್ತಿದ್ದದ್ದು ಎಣ್ಣೆಯ ಒಂದು ಪಾಲು ಮಾತ್ರ, ಮಿಕ್ಕದ್ದು ಸೋಸದೆಯೇ ಬೇರಿಂಗಿಗೆ ಹೋಗುತ್ತಿತ್ತು. ಪೂರ್ತಿ ಎಣ್ಣೆಯನ್ನೂ ಸೋಸಿ ಕಳಿಸುವ ವ್ಯವಸ್ಥೆ ಎಲ್ಲ ಕಾರುಗಳಿಗೂ ಬರಲು ದಶಕಗಳೇ ಹಿಡಿದವು. ಲೋಕವೆಲ್ಲ ಓಡಾಡಿದ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಂತೂ ಇದ್ದದ್ದು ತಂತಿಯ ಜರಡಿಯೊಂದೇ. ಅದರ ಒಡೆಯರು ಎಣ್ಣೆ ಇಳಿಸುವುದನ್ನು ವ್ರತದಂತೆ ಪಾಲಿಸುತ್ತಿದ್ದರು, ಎಂಜಿನ್ ಉಳಿಸಿಕೊಳ್ಳಲು ಅವರಿಗೆ ಬೇರೆ ದಾರಿಯಿರಲಿಲ್ಲ.

ಎಣ್ಣೆಯೂ ಈ ನಡುವೆ ಬದಲಾಯಿತು. 1930ರ ದಶಕದಲ್ಲಿ ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರುಗಳ ಡೀಸೆಲ್ ಎಂಜಿನ್ನುಗಳಲ್ಲಿ ರಿಂಗುಗಳು ಮಸಿಗಟ್ಟಿ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಅದನ್ನು ನಿವಾರಿಸಲು ಹುಟ್ಟಿದ್ದು, ಮಸಿಯನ್ನು ತೊಳೆದು ತನ್ನೊಳಗೇ ತೇಲಿಸಿಟ್ಟುಕೊಳ್ಳುವ ಡಿಟರ್ಜೆಂಟ್ ಎಣ್ಣೆ. 1940ರ ದಶಕದಲ್ಲಿ ಸತು ಮತ್ತು ರಂಜಕ ಸೇರಿದ ಸಂಯುಕ್ತಗಳು ಬಂದವು. ಲೋಹ ಲೋಹಕ್ಕೆ ತಾಗುವ ಕಡೆ ಇವು ಕಾವಿಗೆ ತೆಳುಪೊರೆಯಾಗಿ ಹರಡಿ ಸವೆತ ತಡೆಯುತ್ತವೆ. ಎಣ್ಣೆ ಕಪ್ಪಾದರೆ ಕೆಟ್ಟಿತೆಂದು ಇಂದಿಗೂ ಅನೇಕರು ಗಾಬರಿಯಾಗುತ್ತಾರೆ. ಕಪ್ಪಾದ ಡಿಟರ್ಜೆಂಟ್ ಎಣ್ಣೆ ತನ್ನ ಕೆಲಸ ಮಾಡುತ್ತಿದೆ ಎಂದೇ ತಿಳಿಯಬೇಕು.

ಇಷ್ಟಾದರೂ ಹೊಸ ಎಂಜಿನ್ನನ್ನು ಹದಕ್ಕೆ ತರುವ ಕೆಲಸ ಉಳಿದೇ ಇತ್ತು. ಎರಡನೇ ಮಹಾಯುದ್ಧದ ನಂತರದ ಇಂಗ್ಲೆಂಡಿನಲ್ಲಿ ಹೊಸ ಕಾರಿನ ಹಿಂಗಾಜಿಗೆ ಒಂದು ಚೀಟಿ ಅಂಟಿರುತ್ತಿತ್ತು: "ರನ್ನಿಂಗ್ ಇನ್, ಪ್ಲೀಸ್ ಪಾಸ್." ಹದಕ್ಕೆ ತರುತ್ತಿದ್ದೇವೆ, ನೀವು ಮುಂದೆ ಹೋಗಿ ಎಂಬ ವಿನಂತಿ. ಮೊದಲ 500 ಮೈಲಿ ಗಂಟೆಗೆ ಮೂವತ್ತು ಮೈಲಿಯ ಆಸುಪಾಸಿನಲ್ಲೇ ಓಡಿಸಬೇಕಿತ್ತು. ಇದಕ್ಕೂ ಕಾರಣವಿತ್ತು. ಅಲ್ಯೂಮಿನಿಯಂ ಪಿಸ್ಟನ್ನು ಕಾದಾಗ ಬೀಡುಕಬ್ಬಿಣದ ಸಿಲಿಂಡರಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಮೈ ಇನ್ನೂ ಒರಟಾಗಿ, ಹೊಂದಿಕೆ ಬಿಗಿಯಾಗಿದ್ದಾಗ ಜೋರಾಗಿ ಓಡಿಸಿದರೆ ಪಿಸ್ಟನ್ನು ಕಚ್ಚಿಕೊಂಡು ಎಂಜಿನ್ ಸೀಝ್ ಆಗುತ್ತಿತ್ತು.

ನಮ್ಮ ದೇಶಕ್ಕೆ ಈ ಶಿಸ್ತು ಆ ಕಾಲದ ಕಾರುಗಳ ಜೊತೆಯಲ್ಲೇ ಇಳಿಯಿತು. ಮಾರಿಸ್ ಆಕ್ಸ್‌ಫರ್ಡ್ ಕಾರೇ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಯಿತು, ಫಿಯಟ್ 1100 ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿತು. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದು ಪಡೆದ ಕಾರು ಅದು. ಅದರ ಎಂಜಿನ್ನನ್ನು ಜನ ಮಗುವಿನ ಹಾಗೆ ನೋಡಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಹಳೆಯದಾದ ಮೇಲೂ ಯಾರೂ ಕಾರು ಬಿಸಾಡುತ್ತಿರಲಿಲ್ಲ, ಬೋರ್ ಮಾಡಿಸುತ್ತಿದ್ದರು. ಎಂಜಿನ್ ಇಳಿಸಿ, ಸಿಲಿಂಡರ್ ಕೊರೆಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿಸಿದರೆ ಮತ್ತೆ ಹೊಸ ಎಂಜಿನ್ನೇ. ಕಾರು ಕೈಗೆ ಕೊಡುವಾಗ ಮೇಸ್ತ್ರಿ, "ಐನೂರು ಕಿಲೋಮೀಟರ್ ನಲವತ್ತರ ಮೇಲೆ ಹೋಗ್ಬೇಡಿ, ಆಮೇಲೆ ತನ್ನಿ, ಆಯಿಲ್ ಇಳಿಸೋಣ" ಎಂದು ಹೇಳಿಯೇ ಕಳಿಸುತ್ತಿದ್ದರು. ಗ್ಯಾರೇಜಿನ ಕೊರೆತಕ್ಕೆ ಆ ಎಚ್ಚರಿಕೆ ನ್ಯಾಯವಾಗಿಯೇ ಇತ್ತು. ಸೋದರಮಾವನ ಸಲಹೆ ಬಂದದ್ದು ಆ ಮೇಸ್ತ್ರಿಗಳ ಅನುಭವದಿಂದ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. ಅದರ ಜೊತೆ ಜಪಾನಿನ ಯಂತ್ರಗೆಲಸದ ನಿಖರತೆಯೂ ಇಲ್ಲಿಗೆ ಬಂತು. ಹೋನಿಂಗ್ ವಿಧಾನವೂ ಸುಧಾರಿಸಿತು. ಒರಟು ಗೆರೆ ಕೊರೆದ ಮೇಲೆ ನುಣುಪು ಕಲ್ಲಿನಿಂದ ಉಬ್ಬುಗಳ ತುದಿಯನ್ನು ಕಾರ್ಖಾನೆಯಲ್ಲೇ ಸವರಿಬಿಡುವ ಪದ್ಧತಿ ಬಂತು. ಹಿಂದೆ ನಾವು ರಸ್ತೆಯಲ್ಲಿ ಮಾಡುತ್ತಿದ್ದ ಸವೆತದ ದೊಡ್ಡ ಪಾಲು ಕಾರು ಹೊರಬರುವ ಮೊದಲೇ ಮುಗಿದಿರುತ್ತದೆ. ಒಳ್ಳೆಯ ಫಿಲ್ಟರ್, ಒಳ್ಳೆಯ ಎಣ್ಣೆ, ಶುಚಿಯಾದ ಜೋಡಣೆ ಸೇರಿದ ಮೇಲೆ ಕಂಪನಿಗಳು ಮೊದಲ ಎಣ್ಣೆಯ ಗಡುವನ್ನು ಮುಂದೂಡುತ್ತ ಬಂದವು. ಈಗ ಬಹುತೇಕ ಪೆಟ್ರೋಲ್ ಕಾರುಗಳಿಗೆ 1000 ಕಿಲೋಮೀಟರಿನ ಉಚಿತ ಸರ್ವಿಸ್ ಎಂದರೆ ಬರೀ ತಪಾಸಣೆ. ಎಣ್ಣೆ ಬದಲಾಗುವುದು 10,000 ಕಿಲೋಮೀಟರಿಗೆ, ಇಲ್ಲವೇ ಒಂದು ವರ್ಷಕ್ಕೆ.

ಹಾಗಾದರೆ ಹಳೆಯ ಕಾರಣ ಪೂರ್ತಿ ಅಳಿದುಹೋಯಿತೇ? ಇಲ್ಲ. ಹೊಸ ಎಂಜಿನ್ನಿನ ಮೊದಲ ಎಣ್ಣೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಇಂದಿಗೂ ಅದರಲ್ಲಿ ಕಬ್ಬಿಣ, ತಾಮ್ರ, ಜೋಡಣೆಯ ಅಂಟಿನಿಂದ ಬಂದ ಸಿಲಿಕಾನ್ ಮುಂದಿನ ಎಣ್ಣೆಗಳಿಗಿಂತ ಹೆಚ್ಚಾಗಿ ಕಾಣುತ್ತವೆ. ಫಿಲ್ಟರ್ ದಪ್ಪ ಕಣಗಳನ್ನು ಹಿಡಿಯುತ್ತದೆ, ಅತಿ ಸಣ್ಣವು ದಾಟಿಹೋಗುತ್ತವೆ. ಬಿಎಂಡಬ್ಲ್ಯು ಕಂಪನಿ ತನ್ನ ವೇಗದ 'ಎಂ' ಕಾರುಗಳಿಗೆ ಈಗಲೂ 2000 ಕಿಲೋಮೀಟರಿಗೆ ಎಣ್ಣೆ ಬದಲಾಯಿಸಲು ಹೇಳುತ್ತದೆ. ಅದೇ ಹೋಂಡಾದಂಥ ಕಂಪನಿ, ಮೊದಲ ಎಣ್ಣೆಯನ್ನು ಅವಧಿಗೆ ಮುಂಚೆ ತೆಗೆಯಬೇಡಿ ಎನ್ನುತ್ತ ಬಂದಿದೆ. ಜೋಡಣೆಯ ಹೊತ್ತಿನಲ್ಲಿ ಬಿಡಿಭಾಗಗಳಿಗೆ ಸವರಿದ ಮಾಲಿಬ್ಡಿನಂ ಲೇಪ ಆ ಎಣ್ಣೆಯಲ್ಲಿ ಬೆರೆತು ಒಳ್ಳೆಯದು ಮಾಡುತ್ತದೆ ಎಂಬುದು ಅವರ ವಾದ. ಹೀಗಾಗಿ ನಿಮ್ಮ ಕಾರಿನ ಕೈಪಿಡಿ ಸ್ಪಷ್ಟವಾಗಿ ಬೇಡ ಎಂದಿದ್ದರೆ ಅದನ್ನು ಗೌರವಿಸಿ. ಅದು ಸುಮ್ಮನಿದ್ದರೆ, ಕಾರನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ, 1500 ಕಿಲೋಮೀಟರಿನ ಸುಮಾರಿಗೆ ಒಮ್ಮೆ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಾಯಿಸಿ ಎಂದೇ ನಾನು ಹೇಳುತ್ತೇನೆ. ಖರ್ಚು ಸಣ್ಣದು, ಲಾಭ ಎಂಜಿನ್ನಿನದು. ಕೈಪಿಡಿ ಹೇಳಿದ ಗ್ರೇಡಿನ ಎಣ್ಣೆಯನ್ನೇ ಹಾಕಿಸಿ, ಬಿಲ್ಲನ್ನು ಜೋಪಾನ ಮಾಡಿ, ವಾರಂಟಿಯ ಮಾತು ಬಂದಾಗ ಬೇಕಾಗುತ್ತದೆ.

ಎಣ್ಣೆಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಮೊದಲ ಸಾವಿರ ಕಿಲೋಮೀಟರಿನ ಓಡಾಟಕ್ಕೆ. ಹಳೆಯ ಮೇಸ್ತ್ರಿಗಳು ಹೇಳುತ್ತಿದ್ದರೆಂದು ನಲವತ್ತರಲ್ಲೇ ತೆವಳಿಸುವುದು ಇಂದಿನ ಎಂಜಿನ್ನಿಗೆ ಒಳ್ಳೆಯದಲ್ಲ. ಉರಿದ ಅನಿಲದ ಒತ್ತಡ ರಿಂಗಿನ ಹಿಂಬದಿಗೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಹೊರೆಯೇ ಬೀಳದಿದ್ದರೆ ಆ ಒತ್ತಡ ಹುಟ್ಟುವುದಿಲ್ಲ. ಆಗ ಉಬ್ಬುಗಳು ಸವೆಯುವ ಬದಲು, ಸುಟ್ಟ ಎಣ್ಣೆಯ ನುಣುಪು ಲೇಪ ಗೋಡೆಗೆ ಕೂತುಬಿಡುತ್ತದೆ. ಅಂಥ ಎಂಜಿನ್ ಬಾಳಿನುದ್ದಕ್ಕೂ ಎಣ್ಣೆ ಕುಡಿಯುತ್ತದೆ. ಇದೇ ಕಾರಣಕ್ಕೆ ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಲ್ಲಿ ಮೊದಲ ಗಂಟೆಗಳ ಹಾರಾಟಕ್ಕೆ ರಾಸಾಯನಿಕ ಬೆರೆಸದ ಸಾದಾ ಎಣ್ಣೆ ಹಾಕಿ, ಸಾಕಷ್ಟು ಶಕ್ತಿ ಕೊಟ್ಟೇ ಹಾರಿಸುತ್ತಾರೆ. ಎಣ್ಣೆಯ ಖರ್ಚು ಒಂದು ಮಟ್ಟಕ್ಕೆ ನಿಂತ ಮೇಲೆ ಬೇರೆ ಎಣ್ಣೆಗೆ ಹೋಗುತ್ತಾರೆ. ಕಾರಿನಲ್ಲಿ ನೀವು ಮಾಡಬೇಕಾದದ್ದು ಇಷ್ಟೇ: ಎಂಜಿನ್ ಬೆಚ್ಚಗಾಗುವವರೆಗೆ ಸಾವಕಾಶ, ಆಮೇಲೆ ಒಂದೇ ವೇಗಕ್ಕೆ ಅಂಟಿಕೊಳ್ಳದೆ ಏರಿಳಿಸುತ್ತ ಓಡಿಸುವುದು. ಆಕ್ಸಿಲರೇಟರನ್ನು ಕೊನೆಮುಟ್ಟ ಒತ್ತಬೇಡಿ, ದೊಡ್ಡ ಗೇರಿನಲ್ಲಿ ಎಂಜಿನ್ ಗೊಣಗುವಂತೆ ಎಳೆಸಬೇಡಿ, ನಿಂತಲ್ಲೇ ಗಂಟೆಗಟ್ಟಲೆ ಚಾಲೂ ಇಡಬೇಡಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಓಡುವ ಕಾರನ್ನು ಒಂದೆರಡು ಭಾನುವಾರ ತುಮಕೂರಿನ ಕಡೆಗೋ ಕೋಲಾರದ ಕಡೆಗೋ ತಿರುಗಿಸಿಕೊಂಡು ಬನ್ನಿ.

ಚರಿತ್ರೆ ಇಲ್ಲಿಗೆ ನಿಂತಿಲ್ಲ. 2001ರಲ್ಲೇ ಬೆಂಗಳೂರು ರೇವಾ ಎಂಬ ವಿದ್ಯುತ್ ಕಾರನ್ನು ತಯಾರಿಸಿತು, ಅದಕ್ಕೆ ಎಂಜಿನ್ ಎಣ್ಣೆಯ ಹಂಗೇ ಇರಲಿಲ್ಲ. ಇಂದು ಬಿಡದಿಯ ಕಾರ್ಖಾನೆಯಿಂದ ಬರುವ, ಎಂಜಿನ್ನಿನ ಜೊತೆ ವಿದ್ಯುತ್ ಮೋಟರೂ ಇರುವ ಟೊಯೊಟಾ ಹೈಬ್ರಿಡ್ ಕಾರುಗಳು ಹೊಸ ಪ್ರಶ್ನೆ ಇಟ್ಟಿವೆ. ಅವುಗಳಲ್ಲಿ ಎಂಜಿನ್ ಯಾವಾಗ ಓಡಬೇಕೆಂದು ತೀರ್ಮಾನಿಸುವುದು ಕಂಪ್ಯೂಟರ್. ನೀವು ಸಾವಿರ ಕಿಲೋಮೀಟರ್ ಓಡಿಸಿದಾಗ ಎಂಜಿನ್ ಅದರಲ್ಲಿ ಒಂದು ಭಾಗ ಮಾತ್ರ ಓಡಿರುತ್ತದೆ, ಅದೂ ನಡುನಡುವೆ ನಿಂತು, ತಣ್ಣಗಾಗಿ, ಮತ್ತೆ ಹೊತ್ತಿಕೊಂಡು. ಎಣ್ಣೆ ಪೂರ್ತಿ ಕಾಯದಿದ್ದರೆ ಅದರೊಳಗೆ ಸೇರಿದ ಪೆಟ್ರೋಲು, ನೀರಿನ ಆವಿ ಹೊರಹೋಗುವುದಿಲ್ಲ. ಅಂಥ ಕಾರಿಗೆ ಕಿಲೋಮೀಟರಿಗಿಂತ ತಿಂಗಳ ಲೆಕ್ಕವೇ ಸರಿ. ಓಡಿದ್ದು ಕಡಿಮೆಯೆಂದು ವರ್ಷ ದಾಟಿಸಬೇಡಿ. ತಿಂಗಳಿಗೊಮ್ಮೆ, ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆಯ ಮಟ್ಟ ಇಳಿಯುವ ಬದಲು ಏರಿದ್ದರೆ, ಮೂಸಿದಾಗ ಪೆಟ್ರೋಲಿನ ವಾಸನೆ ಬಂದರೆ, ಸರ್ವಿಸಿನ ದಿನಾಂಕ ಕಾಯದೆ ಗ್ಯಾರೇಜಿಗೆ ಹೋಗಿ.